ಮನೆ ವ್ಯಾಲ್ಯುಯೇಶನ್ ಮಾಡಿಸೋರಿಗೆ, ಒಂದನೇ ತಾರೀಖಿಂದ ಆಗೋ ಬದಲಾವಣೆ ಬಗ್ಗೆ

ಎಲ್ಲರಿಗೂ ನಮಸ್ಕಾರ,

ಮುಂದಿನ ತಿಂಗಳು ಒಂದನೇ ತಾರೀಖಿಂದ ಮನೆ, ಸೈಟ್ ವ್ಯಾಲ್ಯುಯೇಶನ್ (ಬೆಲೆ ಕಟ್ಟೋ ಕೆಲ್ಸ) ಫೀಸ್ ಮುಂಚೆನೇ ನಮ್ಮ ಆಫೀಸ್ ಅಕೌಂಟ್‌ಗೆ ಹಾಕ್ಬೇಕು, ಅಳತೆಗೆ ಬಂದ ಇಂಜಿನಿಯರ್ ಕೈಗೆ ಏನೂ ಕೊಡ್ಬೇಡಿ. ಬೆಲೆ ಎಷ್ಟೇ ಬರ್ಲಿ ಫೀಸ್ ಅಷ್ಟೇ ಇರತ್ತೆ. ಇನ್ನೊಂದು, "ಸಾರ್ ನಂಗೆ ಇಷ್ಟು ಬರ್ಲೇಬೇಕು" ಅಂತ ಮೊದ್ಲೇ ನಂಬರ್ ಹೇಳಿದ್ರೆ ಆ ಕೆಲ್ಸ ನಾವು ತಗೊಳಲ್ಲ, ಲೋನ್ ಏಜೆಂಟ್ ಅಥ್ವಾ ಬಿಲ್ಡರ್ ಕಡೆಯವ್ರು ಫೋನ್ ಮಾಡಿಸಿದ್ರೂ ಇದೇ ಮಾತು.

ಕೆಲವ್ರಿಗೆ ಬೇಜಾರಾಗತ್ತೆ ಅಂತ ಗೊತ್ತು, ಆದ್ರೆ ಲೆಕ್ಕ ನೋಡಿ. 30 ಲಕ್ಷ ದಾಟಿ 75 ಲಕ್ಷದವರೆಗಿನ ಹೋಮ್ ಲೋನ್‌ಗೆ ರಿಸರ್ವ್ ಬ್ಯಾಂಕ್ ರೂಲ್ಸ್ ಪ್ರಕಾರ ಮನೆ ಬೆಲೆಯ 80 ಪರ್ಸೆಂಟ್‌ವರೆಗೆ ಮಾತ್ರ ಸಾಲ. 60 ಲಕ್ಷ ಬಾಳೋ ಮನೆಗೆ 48 ಲಕ್ಷ ಸಿಗತ್ತೆ. ಅದನ್ನೇ ಅಗ್ರಿಮೆಂಟಲ್ಲೂ ರಿಪೋರ್ಟಲ್ಲೂ 72 ಲಕ್ಷ ಅಂತ ತೋರ್ಸಿದ್ರೆ ಸಾಲ 57 ಲಕ್ಷದ 60 ಸಾವಿರ ಸಿಗತ್ತೆ, ಕೈಯಿಂದ ಹಾಕೋದು ಉಳೀತು ಅನ್ಸತ್ತೆ, ಆದ್ರೆ ಆ ಹೆಚ್ಚುವರಿ ಒಂಬತ್ತೂವರೆ ಲಕ್ಷ ಚಿಲ್ಲರೆಯ ಬಡ್ಡಿ ವರ್ಷಗಟ್ಲೆ ಕಟ್ಟೋರು ನೀವು, ನಾಳೆ ಏನೋ ಕಷ್ಟ ಬಂದು ಅರ್ಜೆಂಟಲ್ಲಿ ಮನೆ ಮಾರೋ ಹಾಗಾದ್ರೆ ಬಂದ ದುಡ್ಡಲ್ಲಿ ಸಾಲ ತೀರೋದೇ ಕಷ್ಟ. ಬೆಲೆ ಹೇಳೋನಿಗೆ ಆ ಆಸ್ತೀಲಿ ನೇರವಾಗ್ಲಿ ಸುತ್ತಿಬಳಸಿ ಆಗ್ಲಿ ಯಾವ ಲಾಭನೂ ಇರ್ಬಾರ್ದು ಅಂತ ರಿಸರ್ವ್ ಬ್ಯಾಂಕ್ ಹೇಳಿರೋದು ಸುಮ್ನೆ ಅಲ್ಲ.

1-4-2001ಕ್ಕಿಂತ ಮುಂಚೆ ಕೊಂಡ ಹಳೇ ಮನೆ ಮಾರೋರು ಆ ದಿನದ ಬೆಲೆನೇ ಕೊಂಡ ಬೆಲೆ ಅಂತ ಹಿಡೀಬಹುದು, ಅದಕ್ಕೇ ಅದನ್ನ ಏರ್ಸಿ ಬರ್ಕೊಡಿ, ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್ (ಮಾರಿದ ಲಾಭದ ಮೇಲಿನ ತೆರಿಗೆ) ಕಮ್ಮಿ ಆಗ್ಲಿ ಅಂತಾರೆ. ಆ ದಿನದ ಗೈಡೆನ್ಸ್ ವ್ಯಾಲ್ಯೂ (ರಿಜಿಸ್ಟ್ರೇಶನ್‌ಗೆ ಸರ್ಕಾರ ಗೊತ್ತುಮಾಡಿದ ಬೆಲೆ) ಸಿಗೋ ಹಾಗಿದ್ರೆ ಅದನ್ನ ಮೀರೋ ಹಾಗಿಲ್ಲ ಅಂತ 2020ರ ಫೈನಾನ್ಸ್ ಆಕ್ಟಲ್ಲೇ ಬಂದಿದೆ. ನೋಟಿಸ್ ಬಂದ್ರೆ ನಿಮ್ಮ ಹೆಸ್ರಿಗೇ ಬರತ್ತೆ.

ಬೆಲೆ ಹೇಗೆ ಬರತ್ತೆ ಅಂತ ತುಂಬಾ ಜನ ಕೇಳ್ತಾರೆ. 30x40 ಸೈಟ್ ಅಂದ್ರೆ 1200 ಚದರಡಿ, ಆ ಜಾಗಕ್ಕೆ ಅಕ್ಕಪಕ್ಕ ಏನ್ ರೇಟ್ ನಡೀತಿದೆ ನೋಡ್ತೀವಿ, ಕಟ್ಟಡಕ್ಕೆ ಕಟ್ಟೋ ಖರ್ಚು ಹಿಡಿದು ವಯಸ್ಸಿಗೆ ತಕ್ಕ ಹಾಗೆ ಸವಕಳಿ ಕಳೀತೀವಿ. ಪ್ಲಾನಲ್ಲಿ ಇಲ್ದೇ ಮೇಲೆ ಎಬ್ಬಿಸಿದ ರೂಮನ್ನ ಬ್ಯಾಂಕ್‌ನವ್ರು ಸಾಮಾನ್ಯವಾಗಿ ಒಪ್ಪಲ್ಲ. ಮೊನ್ನೆ ಒಬ್ರು ಅಮ್ಮ ದೇವ್ರ ಮನೆ ತೇಗದ ಬಾಗ್ಲು ಸವರ್ತಾ ಕೆತ್ತನೆ ಕೆಲ್ಸದ ಬಿಲ್ ತೆಗ್ದು ತೋರ್ಸಿದ್ರು, ಎಷ್ಟು ಆಸೆಪಟ್ಟು ಮಾಡ್ಸಿದಾರೆ ಅಂತ ನೋಡಿದ್ರೇ ಗೊತ್ತಾಗ್ತಿತ್ತು, ಆದ್ರೂ ಕೊಳ್ಳೋನು ಅದಕ್ಕೆ ಅಷ್ಟು ದುಡ್ಡು ಕೊಡಲ್ಲ ಅಂತ ಅವ್ರಿಗೆ ಹೇಳ್ಲೇಬೇಕಾಯ್ತು.

ಬೆಲೆ ಕಮ್ಮಿ ಬಂತು ಅನ್ಸಿದ್ರೆ ಧಾರಾಳವಾಗಿ ಕೇಳಿ, ಅದು ನಿಮ್ಮ ಹಕ್ಕು. ಅಳತೆ ತಪ್ಪಿದ್ರೆ, ರೂಮ್ ಬಿಟ್ಟುಹೋಗಿದ್ರೆ, ಅದೇ ರೋಡಲ್ಲಿ ಇತ್ತೀಚೆಗೆ ಮಾರಿದ ಮನೆ ಕ್ರಯಪತ್ರದ ಜೆರಾಕ್ಸ್ ಇದ್ರೆ ಬರ್ದು ಕೊಡಿ, ಬೇರೆ ಇಂಜಿನಿಯರ್ ಫ್ರೀಯಾಗಿ ಮತ್ತೆ ನೋಡ್ತಾರೆ. ಲೋನ್‌ಗೆ ಸಾಲಲ್ಲ ಅನ್ನೋ ಕಾರಣಕ್ಕೆ ಮಾತ್ರ ನಂಬರ್ ಬದಲಾಗಲ್ಲ. ಬರುವಾಗ ಕ್ರಯಪತ್ರ, ಖಾತಾ, ಇಸಿ (ಋಣಭಾರ ಪತ್ರ), ಅಪ್ರೂವ್ಡ್ ಪ್ಲಾನ್, ಈ ವರ್ಷದ ಟ್ಯಾಕ್ಸ್ ರಸೀದಿ ತನ್ನಿ.