ಕೊಟ್ಟಿಗೆಹಾರದಲ್ಲಿ ಸಿಕ್ಕ ಹಿರಿಯರಿಗೆ

ಕಳೆದ ಮಳೆಗಾಲದಲ್ಲಿ ಕೊಟ್ಟಿಗೆಹಾರದಲ್ಲಿ ನನ್ನ ಕಾರಿನ ಎಸಿ ನೋಡಿಕೊಟ್ಟ ಹಿರಿಯರೇ, ಹೆಸರು ಕೇಳಿದರೆ ‘ಅದೆಲ್ಲ ಯಾಕೆ, ಕತ್ತಲಾಗುವ ಮೊದಲು ಚಾರ್ಮಾಡಿ ಇಳಿಯಿರಿ’ ಎಂದು ಹೊರಟೇಬಿಟ್ಟಿರಿ. ಹಾಗಾಗಿ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಗಾಳಿ ಊದುವ ಫ್ಯಾನು, ಅಂದರೆ ಬ್ಲೋವರ್, ನಾಲ್ಕನೆಯ ವೇಗದಲ್ಲಿ ಮಾತ್ರ ಭೋರೆನ್ನುತ್ತಿತ್ತು. ಉಳಿದವುಗಳಲ್ಲಿ ಉಸಿರೇ ಇಲ್ಲ. ಗ್ಯಾರೇಜಿನವರು ಮೋಟಾರನ್ನೇ ಬದಲಿಸಬೇಕೆಂದಿದ್ದರು. ನೀವು ನಕ್ಕಿರಿ: ‘ನಾಲ್ಕರಲ್ಲಿ ತಿರುಗುತ್ತದಲ್ಲ, ಮೋಟಾರು ಗಟ್ಟಿಯಾಗಿದೆ. ಕಡಿಮೆ ವೇಗಕ್ಕೆ ಕರೆಂಟು, ಅದನ್ನು ತಗ್ಗಿಸುವ ರೆಸಿಸ್ಟರ್ ಹಾದು ಬರುತ್ತದೆ, ನಾಲ್ಕಕ್ಕೆ ನೇರ. ಸುಟ್ಟಿರುವುದು ರೆಸಿಸ್ಟರ್.’ ಗ್ಲೋವ್ ಬಾಕ್ಸ್ ಕಳಚಿ ಅದರ ಹಿಂದಿದ್ದ ಗಾಳಿಯ ಫಿಲ್ಟರ್ ಎಳೆದಿರಿ. ಸಿಲ್ವರ್ ಮರದ ತರಗೆಲೆ, ಧೂಳು, ಇಲಿ ಕಡಿದ ಹತ್ತಿ! ‘ಗಾಳಿ ಆಡದಿದ್ದರೆ ರೆಸಿಸ್ಟರ್ ತಣಿಯುವುದಿಲ್ಲ. ಈ ಫಿಲ್ಟರ್ ಬದಲಿಸದಿದ್ದರೆ ಹೊಸ ರೆಸಿಸ್ಟರೂ ಸುಡುತ್ತದೆ’ ಎಂದಿರಿ. ಆ ಮಾತಿಗೆ ಬೆಲೆ ಕಟ್ಟಲಾರೆ.

ಬ್ಯಾಟರಿಯ ಮೈನಸ್ ತಂತಿ ಕಳಚಿ, ಎರಡು ಸ್ಕ್ರೂ ಬಿಚ್ಚಿ, ಹೊಸ ರೆಸಿಸ್ಟರನ್ನು ಮನೆಯಲ್ಲೇ ಕೂರಿಸಿದೆ. ನೀವು ಹೇಳಿದಂತೆ ಎಸಿ ಗ್ಯಾಸಿನ ಕೊಳವೆಗಳ ತಂಟೆಗೆ ಹೋಗಲಿಲ್ಲ. ಈಗ ಘಾಟಿಯ ಮಂಜಿನಲ್ಲಿ ಎಸಿ ಹಾಕಿ ಬ್ಲೋವರನ್ನು ಒಂದರಲ್ಲಿಟ್ಟರೂ ಗಾಜಿನ ಒಳಗಿನ ತೇವ ಆರುತ್ತದೆ.

ನಿಮ್ಮನ್ನು ಬಲ್ಲವರು ಇದನ್ನು ಓದಿದರೆ ದಯವಿಟ್ಟು ತೋರಿಸಲಿ. ಒಂದು ತಟ್ಟೆ ನೀರುದೋಸೆಯ ಬಾಕಿ ನನ್ನ ಮೇಲಿದೆ.