ಹೊಗೆಯ ಮನೆ, ಮಾಳಿಗೆಯ ಮನೆ

ನಗೋಯಾ, ಜಪಾನ್
ಫೆಬ್ರುವರಿ 16

ಪೂಜ್ಯ ಅಪ್ಪನವರಿಗೂ ಅವ್ವನಿಗೂ ನಿಮ್ಮ ಮಗಳು ಮಾಡುವ ಶರಣು ಶರಣಾರ್ಥಿಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅಜ್ಜಿಯ ಮೊಣಕಾಲು ನೋವು ಈಗ ಹೇಗಿದೆ ಎಂಬುದನ್ನು ತಿಳಿಸಿ. ಹೋದ ವಾರ ಫೋನಿನಲ್ಲಿ ತಮ್ಮನೊಡನೆ ನಡೆದ ಮಾತು ಜಗಳದಲ್ಲಿ ಮುಗಿಯಿತು. ಆ ಮಾತನ್ನು ಸಮಾಧಾನವಾಗಿ ಮುಂದುವರಿಸಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ. ಲಕ್ಕುಂಡಿಯ ನಮ್ಮ ಮನೆಯಲ್ಲಿ ಪ್ರವಾಸಿಗರಿಗೆ ಇರಲು ಜಾಗ ಕೊಡಬೇಕೆಂಬ ಅವನ ಆಸೆಗೆ ನನ್ನ ವಿರೋಧವಿಲ್ಲ. ಪಡಸಾಲೆ ಒಡೆದು, ಮಣ್ಣಿನ ಮಾಳಿಗೆ ತೆಗೆಸಿ, ಸ್ಲ್ಯಾಬ್ ಹಾಕಿ, ಎಸಿ ಇರುವ ಎರಡು ಕೋಣೆ ಕಟ್ಟಿಸಿ, ಗದಗಿನ ಲಾಡ್ಜುಗಳಿಗಿಂತ ಕಡಿಮೆ ದರದಲ್ಲಿ ಕೊಡುತ್ತೇನೆ ಎಂದನಲ್ಲ, ನನ್ನ ತಕರಾರು ಇರುವುದು ಅಷ್ಟಕ್ಕೆ. ನೀವು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: "ನಮ್ಮ ಊರಾಗ ಏನೈತಿ ಅಂತ ರೊಕ್ಕಾ ಕೊಟ್ಟು ಇರ್ತಾರ?" ಅದಕ್ಕೆ ಉತ್ತರವೆಂಬಂತೆ ಈ ತಿಂಗಳ ಆರಂಭದಲ್ಲಿ ನಾನು ಹೋಗಿ ಬಂದ ಒಂದು ಹಳ್ಳಿಯ ವಿಷಯ ಹೇಳುತ್ತೇನೆ.

ಅದರ ಹೆಸರು ಶಿರಕಾವಾ-ಗೊ. ಇಲ್ಲಿಂದ ಬಸ್ಸಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಸುತ್ತಲೂ ಬೆಟ್ಟ, ಚಳಿಗಾಲದಲ್ಲಿ ಆಳೆತ್ತರದ ಹಿಮ. ಅಲ್ಲಿನ ಮನೆಗಳ ಹುಲ್ಲಿನ ಮಾಡು ಕೈಮುಗಿದ ಹಾಗೆ ಕಡಿದಾಗಿ ಮೇಲೆದ್ದಿರುತ್ತದೆ. 'ಗಶ್ಶೊ' ಎಂಬ ಹೆಸರಿಗೂ ಕೈಮುಗಿಯುವುದೆಂದೇ ಅರ್ಥ. ಆ ಮಾಡಿಗೆ ಒಂದು ಮೊಳೆಯನ್ನೂ ಹೊಡೆದಿಲ್ಲ, ಹಗ್ಗದಿಂದಲೂ ಹಸಿ ಕೊಂಬೆಯ ಹುರಿಯಿಂದಲೂ ಬಿಗಿದಿದ್ದಾರೆ. 1995ರಲ್ಲಿ ಯುನೆಸ್ಕೊ ಈ ಹಳ್ಳಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಬಳಿಕ ಸಾವಿರದ ಐನೂರರಷ್ಟು ಜನರಿರುವ ಊರಿಗೆ ವರ್ಷಕ್ಕೆ 15 ಲಕ್ಷಕ್ಕೂ ಹೆಚ್ಚು ಮಂದಿ ಬರುವಂತಾಯಿತು. ಅವರಲ್ಲಿ ಬಹುಪಾಲು ಜನ ಬಸ್ಸಿಳಿದು, ಫೋಟೊ ತೆಗೆದುಕೊಂಡು, ಏನಾದರೂ ತಿಂದು ಹೊರಟುಬಿಡುತ್ತಾರೆ. ಹುಬ್ಬಳ್ಳಿಯಿಂದ ಹಂಪಿಗೆ ಹೋಗುವವರು ನಮ್ಮ ಕಾಶಿವಿಶ್ವೇಶ್ವರ ಗುಡಿಯ ಮುಂದೆ ಕಾರು ನಿಲ್ಲಿಸಿ, ಒಂದು ತಾಸಿನಲ್ಲಿ ಎಲ್ಲ ಮುಗಿಸಿ, ಚಹಾ ಕುಡಿದು ಹೋಗುತ್ತಾರಲ್ಲ, ಹಾಗೆಯೇ.

ನಾನೂ ಮೊದಲ ಸಲ ಹಾಗೆಯೇ ಹೋಗಿ ಬಂದಿದ್ದೆ. ಅಂದು ನನಗೆ ಸಿಕ್ಕಿದ್ದು ಜನಜಂಗುಳಿ, ಸಾಲು ಮತ್ತು ಎಲ್ಲರ ಬಳಿಯೂ ಇರುವಂಥ ನಾಲ್ಕು ಫೋಟೊ. ಖರ್ಚು ಹೆಚ್ಚೇನೂ ಆಗಿರಲಿಲ್ಲ, ಆದರೂ ದಿನ ಹಾಳಾಯಿತೆಂದೇ ಅನಿಸಿತ್ತು. ಈ ಸಲ ಅಲ್ಲೇ ಒಂದು ಮನೆಯಲ್ಲಿ ರಾತ್ರಿ ಉಳಿದೆ. ಎರಡು ಹೊತ್ತಿನ ಊಟ ಸೇರಿ ಒಬ್ಬಳಿಗೆ 14,000 ಯೆನ್, ನಮ್ಮ ಲೆಕ್ಕದಲ್ಲಿ ಸುಮಾರು ಎಂಟು ಸಾವಿರ ರೂಪಾಯಿ. ಆ ದುಡ್ಡಿಗೆ ನಗೋಯಾದಲ್ಲಿ ಒಳ್ಳೆಯ ಹೋಟೆಲೇ ಸಿಗುತ್ತದೆ. ಇಲ್ಲಿ ಸಿಕ್ಕಿದ್ದೆಂದರೆ ಬೀಗವಿಲ್ಲದ ಕಾಗದದ ಬಾಗಿಲು, ನೆಲದ ಮೇಲೆ ಹಾಸಿಗೆ, ಎಲ್ಲರಿಗೂ ಸೇರಿ ಒಂದೇ ಬಚ್ಚಲು, ಸಂಜೆ ಆರಕ್ಕೇ ಊಟ. ಲೆಕ್ಕ ಹಾಕಿದರೆ ಇದು ಮೋಸವೆಂದೇ ತೋರಬೇಕು. ನನಗೆ ಹಾಗೆ ತೋರಲಿಲ್ಲ. ಏಕೆ ತೋರಲಿಲ್ಲ ಎಂಬುದನ್ನು ಹಿಂದಿರುಗಿ ಬರುವಾಗ ಬಸ್ಸಿನ ದಾರಿಯುದ್ದಕ್ಕೂ ಯೋಚಿಸಿದೆ.

ಒಂದು ಸಣ್ಣ ಸಂಗತಿ ಹೇಳುತ್ತೇನೆ. ಒಳಗೆ ಕಾಲಿಟ್ಟಾಗ ನಡುಮನೆಯಲ್ಲಿ ಒಲೆ ಉರಿಯುತ್ತಿತ್ತು, ಮನೆಯ ತುಂಬ ಹೊಗೆ. ಕಣ್ಣುರಿಯಿತು, ಬಟ್ಟೆಗೆಲ್ಲ ವಾಸನೆ ಹಿಡಿಯುತ್ತದಲ್ಲ ಎಂದು ಮನಸ್ಸಿನಲ್ಲೇ ಬೇಸರಪಟ್ಟೆ. ಊಟದ ಹೊತ್ತಿಗೆ ಮನೆಯ ಯಜಮಾನರು ಮೇಲಿನ ಜಂತಿಗಳನ್ನು ತೋರಿಸಿ, ಈ ಹೊಗೆಯಿಂದಲೇ ಹಗ್ಗ ಬಿಗಿಯಾಗುತ್ತದೆ, ಹುಲ್ಲು ಒಣಗಿರುತ್ತದೆ, ಹುಳು ಹತ್ತುವುದಿಲ್ಲ, ಒಲೆ ಆರಿದರೆ ಮಾಡು ಬೇಗ ಕೊಳೆಯುತ್ತದೆ ಎಂದು ವಿವರಿಸಿದರು. ಅಟ್ಟದ ಮೇಲೆ ಹಿಂದೆ ರೇಷ್ಮೆಹುಳು ಸಾಕುತ್ತಿದ್ದರಂತೆ. ಆಮೇಲೆ ಅದೇ ಹೊಗೆ ನನಗೆ ಕಾಟವಾಗಿ ಕಾಣಲಿಲ್ಲ. ಹೊಗೆ ಎಷ್ಟಿತ್ತೋ ಅಷ್ಟೇ ಇತ್ತು, ಆದರೂ ನಾನು ಕೊಟ್ಟ ಹಣದ ತೂಕ ಆ ಒಂದು ಮಾತಿನಿಂದ ಬದಲಾಯಿತು. ಬಂದವರು ಕೊಡುವುದು ರೊಕ್ಕವೊಂದನ್ನೇ ಅಲ್ಲವಲ್ಲ ಅಪ್ಪಾ. ರಜೆಯ ದಿನ, ಪ್ರಯಾಣದ ದಣಿವು, ಗೊತ್ತಿಲ್ಲದ ಊರಿನ ಅಂಜಿಕೆ, ಎಲ್ಲವನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿ ಇಟ್ಟಿರುತ್ತಾರೆ. ಇನ್ನೊಂದು ತಟ್ಟೆಯಲ್ಲಿ ಎಸಿ ಇಟ್ಟರೆ ಅದು ಲಾಡ್ಜಿನ ಎಸಿಯೊಡನೆ ತೂಗುತ್ತದೆ, ಮತ್ತು ಲಾಡ್ಜಿನದೇ ಗೆಲ್ಲುತ್ತದೆ. ಮಾಳಿಗೆಗೆ ಮಳೆಗಾಲದ ಮುಂಚೆ ಮಣ್ಣು ಏಕೆ ಹಾಕಬೇಕು, ಬೇಸಿಗೆಯಲ್ಲಿ ನಮ್ಮ ಪಡಸಾಲೆ ಹೇಗೆ ತಂಪಾಗಿರುತ್ತದೆ, ಅಂಗಳದ ನೆಲದಡಿಯ ಹಗೇವಿನಲ್ಲಿ ಅಜ್ಜನ ಕಾಲದಲ್ಲಿ ಜೋಳ ಹೇಗೆ ತುಂಬಿಡುತ್ತಿದ್ದರು ಎಂಬುದನ್ನು ನೀವು ಕುಳಿತು ಹೇಳಿದರೆ ಅದನ್ನು ತೂಗಿ ನೋಡಲು ಬೇರೆಡೆ ಸರಕೇ ಇಲ್ಲ.

ಹಾಗೆಂದು ಎಲ್ಲವೂ ಹಳೆಯದೇ ಇರಲಿ ಎಂದು ನಾನು ಹೇಳುತ್ತಿಲ್ಲ; ದೂರದಲ್ಲಿ ಕುಳಿತು ಊರಿನ ಮಣ್ಣಿನ ಗೋಡೆಯ ಮೇಲೆ ಪ್ರೀತಿ ಹುಟ್ಟಿಸಿಕೊಳ್ಳುವುದು ಸುಲಭ, ಸೋರುವ ಮಾಳಿಗೆಯ ಕೆಳಗೆ ಪಾತ್ರೆ ಇಡುವವರು ನೀವು. ಶೌಚಾಲಯ ಹೊಸದಾಗಿ, ಅಚ್ಚುಕಟ್ಟಾಗಿ ಇರಲೇಬೇಕು. ಬಿಸಿನೀರು, ಒಗೆದ ಹಾಸಿಗೆ ಹೊದಿಕೆ, ಸೊಳ್ಳೆಪರದೆ, ಕರೆಂಟು ಹೋದಾಗ ಒಂದು ದೀಪ ಮತ್ತು ಫ್ಯಾನು ಇಷ್ಟಕ್ಕೆ ತಮ್ಮನು ಎಷ್ಟಾದರೂ ಖರ್ಚು ಮಾಡಲಿ. ನಾನು ಉಳಿದ ಆ ಮನೆಯಲ್ಲೂ ಬಚ್ಚಲು ಹೊಸದೇ, ಕನ್ನಡಿಯಂತೆ ಸ್ವಚ್ಛ. ನಾನು ಮೀನು ತಿನ್ನುವುದಿಲ್ಲವೆಂದು ಮೊದಲೇ ಬರೆದು ತಿಳಿಸಿದ್ದೆ. ಇಲ್ಲಿ ಸಾರಿಗೂ ಮೀನಿನ ರಸವನ್ನೇ ಬಳಸುತ್ತಾರಾದ್ದರಿಂದ ಆ ತಾಯಿ ನನ್ನೊಬ್ಬಳಿಗಾಗಿ ಅಣಬೆಯ ರಸದಲ್ಲಿ ಬೇರೆ ಸಾರು ಮಾಡಿದ್ದರು. ಅವ್ವಾ, ನಮ್ಮ ಖಾರ ಎಲ್ಲರಿಗೂ ಆಗುವುದಿಲ್ಲ, ಕೇಳಿಯೇ ಬಡಿಸಬೇಕು ಎಂಬುದನ್ನು ಅಂದೇ ನಿನಗಾಗಿ ನೆನಪಿಟ್ಟುಕೊಂಡೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಹುಲ್ಲಿನ ಮಾಡನ್ನು ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗಿ ಹೊದಿಸಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ನೂರು ಇನ್ನೂರು ಮಂದಿ ಕೂಡಿ ಒಂದೆರಡು ದಿನದಲ್ಲಿ ಮುಗಿಸುತ್ತಾರೆ. ಇಂದು ನಿಮ್ಮ ಮನೆಗೆ ನಾವು ಬಂದರೆ ನಾಳೆ ನಮ್ಮ ಮನೆಗೆ ನೀವು ಬರಬೇಕು. ಇದಕ್ಕೆ ಅವರು 'ಯುಯಿ' ಎನ್ನುತ್ತಾರೆ. ಯಜಮಾನರು ಅದನ್ನು ವಿವರಿಸುತ್ತಿದ್ದಾಗ ನನಗೆ ನಗು ತಡೆಯಲಾಗಲಿಲ್ಲ, ಏಕೆಂದರೆ ಅದು ನಮ್ಮ ಮುಯ್ಯಾಳೇ. ನಮ್ಮ ಕಡೆಯ 'ಮುಯ್ಯಿ'ಯ ವಿಷಯ ಹೇಳಿದಾಗ ಅವರು ಎರಡೂ ಪದಗಳನ್ನು ಒಂದರ ಹಿಂದೆ ಒಂದು ಉಚ್ಚರಿಸಿ ಸಂತೋಷಪಟ್ಟರು. ಈಚೆಗೆ ಕೂಲಿ ಕೊಟ್ಟು ನುರಿತವರಿಂದ ಮಾಡಿಸುವುದೂ ಇದೆ, ಆದರೆ ಪದ್ಧತಿ ಪೂರ್ತಿ ನಿಂತಿಲ್ಲ.

ಆ ಹಳ್ಳಿಯೂ ಹಾಳಾಗುವ ಹಂತಕ್ಕೆ ಬಂದಿತ್ತು. 1961ರಲ್ಲಿ ಮುಗಿದ ಮಿಬೊರೊ ಅಣೆಕಟ್ಟಿನಿಂದ ಆ ಕಣಿವೆಯ ಎಷ್ಟೋ ಮನೆಗಳು ನೀರಿನಡಿ ಹೋದವು, ಉಳಿದವರಲ್ಲಿ ಅನೇಕರು ಮನೆ ಮಾರಿ ಪಟ್ಟಣ ಸೇರಿದರು. ಆಗ 1971ರಲ್ಲಿ ಊರಿನವರೇ ಕೂಡಿ ಮೂರು ಮಾತಿನ ಕಟ್ಟಳೆ ಮಾಡಿಕೊಂಡರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಸರಕಾರದ ರಕ್ಷಣೆ, ಯುನೆಸ್ಕೊದ ಹೆಸರು ಎಲ್ಲ ಅದರ ನಂತರ ಬಂದವು. ನಮ್ಮಲ್ಲಿ ಇದು ತಿರುವುಮುರುವಾಗಿದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ನಿಯಮ ಮೇಲಿನಿಂದ ಬಂತು. 2010ರ ತಿದ್ದುಪಡಿಯ ನಂತರ ಅದು ಇನ್ನೂ ಬಿಗಿಯಾಗಿ, ಊರಿನವರಿಗೆ ಕಿರಿಕಿರಿಯಾಗಿಯೇ ಉಳಿದಿದೆ. ನಮ್ಮ ಮನೆ ಗುಡಿಯಿಂದ ಎಷ್ಟು ದೂರ ಎಂಬುದನ್ನು ತಮ್ಮನು ಅಳೆದಂತೆ ಕಾಣುವುದಿಲ್ಲ. 100 ಮೀಟರಿನ ಒಳಗಿದ್ದರೆ ಹೊಸ ಕಟ್ಟಡ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಗುತ್ತಿಗೆದಾರನಿಗೆ ಮುಂಗಡ ಕೊಡುವ ಮೊದಲು ಇದೊಂದನ್ನು ವಿಚಾರಿಸಲೇಬೇಕು.

ನಾನು ಆ ರಾತ್ರಿ ಹಣ ಕೊಟ್ಟು ಪಡೆದದ್ದನ್ನು ಆ ಒಂದು ಮನೆ ತಾನಾಗಿಯೇ ಮಾಡಿರಲಿಲ್ಲ. ಬೆಳಿಗ್ಗೆ ಕಿಟಕಿ ತೆಗೆದಾಗ ಎದುರಿಗೆ ಕಂಡ ಮಾಡುಗಳು ನೆರೆಯವರವು, ದಾರಿಯ ಹಿಮ ತೆಗೆದವರು ಬೇರೆಯವರು. ನಾನು ನೋಡಲು ಹೋದದ್ದು ಊರನ್ನು, ದುಡ್ಡು ಪಡೆದದ್ದು ಮಾತ್ರ ಒಂದು ಮನೆ. ಇದು ಅವರಿಗೆ ಗೊತ್ತಿರುವುದರಿಂದಲೇ ವಾಹನ ನಿಲುಗಡೆಯಲ್ಲಿ ಬರುವ ಹಣದಲ್ಲಿ ಒಂದು ಪಾಲನ್ನು ಮನೆಗಳ ರಕ್ಷಣೆಗೆ ಬಳಸುತ್ತಾರೆ. ಚಳಿಗಾಲದ ದೀಪೋತ್ಸವಕ್ಕೆ ಜನ ತಡೆಯಲಾರದಷ್ಟು ಬರತೊಡಗಿದಾಗ 2019ರಿಂದ ಮುಂಗಡ ಕಾಯ್ದಿರಿಸಿದವರಿಗಷ್ಟೇ ಪ್ರವೇಶ ಎಂದು ಮಾಡಿದರು. ನನ್ನ ಸಹೋದ್ಯೋಗಿಯೊಬ್ಬರು ನೇಪಾಳದವರು. ಅವರ ದೇಶದ ಸಿರುಬಾರಿ ಎಂಬ ಹಳ್ಳಿಯಲ್ಲಿ 1997ರಿಂದಲೂ ಅತಿಥಿಗಳು ಯಾವ ಮನೆಗೆ ಹೋಗಬೇಕೆಂಬುದನ್ನು ಊರಿನ ಸಮಿತಿಯೇ ನಿರ್ಧರಿಸುತ್ತದೆ. ಪಾಳಿಯ ಮೇಲೆ ಹಂಚುವುದರಿಂದ ಒಬ್ಬರ ಮನೆ ತುಂಬಿ ಇನ್ನೊಬ್ಬರ ಹೊಟ್ಟೆ ಉರಿಯುವ ಪ್ರಸಂಗ ಬರುವುದಿಲ್ಲ.

ಆದ್ದರಿಂದ ಅಪ್ಪಾ, ಬಲಗಡೆಯ ಕಾಕಾ ಅವರ ಮನೆಯವರನ್ನೂ ಹಿಂದಿನ ಓಣಿಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನೂ ಬಿಟ್ಟು ಈ ಕೆಲಸ ಶುರುಮಾಡಬೇಡಿ. ರೊಟ್ಟಿಯೂ ಗುರೆಳ್ಳು ಹಿಂಡಿಯೂ ಸಂಘದಿಂದ ಬರಲಿ, ಹಾಲು ಮೊಸರು ಕಾಕಾ ಅವರ ಕೊಟ್ಟಿಗೆಯಿಂದ ಬರಲಿ. ಯಾರಿಗೆ ಎಷ್ಟು ಹೋಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಪಡಸಾಲೆಯ ಗೋಡೆಗೆ ಹಚ್ಚಿ. ತಾನು ಕೊಟ್ಟ ರೊಕ್ಕ ಎಲ್ಲಿಗೆ ಹೋಯಿತೆಂದು ಕಣ್ಣಾರೆ ಕಂಡವನು ಚೌಕಾಶಿ ಮಾಡುವುದು ಕಡಿಮೆ, ನಾನೂ ಮಾಡಲಿಲ್ಲ. ದರವನ್ನೂ ಲಾಡ್ಜಿಗಿಂತ ಕಡಿಮೆ ಇಡುವುದು ಬೇಡ. ಅಗ್ಗವೆಂದು ಬಂದವನು ಅಗ್ಗದ ಕಣ್ಣಿನಿಂದಲೇ ಎಲ್ಲವನ್ನೂ ನೋಡುತ್ತಾನೆ.

ಊರಲ್ಲಿ ಏನಿದೆ ಎಂದು ನೀವು ಕೇಳಿದಿರಿ. ಒಂದು ಕಾಲಕ್ಕೆ ಲೊಕ್ಕಿಗುಂಡಿ ಎನಿಸಿಕೊಂಡು, ತನ್ನ ಹೆಸರಿನ ಗದ್ಯಾಣವನ್ನೇ ಟಂಕಿಸುತ್ತಿದ್ದ ಊರು ಇದು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿ ಮಾಡಿಸಿ ಹಂಚಿದ ಹೆಣ್ಣುಮಗಳು ಆಕೆ ಎಂದು ನೀವೇ ನನಗೆ ಚಿಕ್ಕಂದಿನಲ್ಲಿ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂರಿಸಿ ಹೇಳಿದ್ದಿರಿ. ಬಂದವರು ಬಾವಿಯನ್ನು ಮೇಲಿನಿಂದ ಇಣುಕಿ ಹೋಗುತ್ತಾರೆ. ಬೆಳಗಿನ ಆರು ಗಂಟೆಗೆ, ಬಿಸಿಲು ಏರುವ ಮೊದಲು, ಅದೇ ಮೆಟ್ಟಿಲುಗಳ ಬಳಿ ಅವರನ್ನು ಕರೆದುಕೊಂಡು ಹೋಗಿ ನನಗೆ ಹೇಳಿದಂತೆಯೇ ಹೇಳಿ. ಒಂದು ಸಲಕ್ಕೆ ನಾಲ್ಕು ಮಂದಿಗಿಂತ ಹೆಚ್ಚು ಬೇಡ.

ಯುಗಾದಿಗೆ ನಾನು ಬರುವಾಗ ಇಲ್ಲಿನ ಇಬ್ಬರು ಗೆಳತಿಯರೂ ಜೊತೆಗಿರುತ್ತಾರೆ. ಮಗಳ ಗೆಳತಿಯರೆಂದು ಸಂಕೋಚಪಟ್ಟು ಹಣ ಬೇಡವೆನ್ನಬೇಡಿ. ಮೂರು ರಾತ್ರಿಗೆ ಪೂರ್ತಿ ದರ ಹೇಳಿ, ಪಾಲನ್ನು ಅವರೆದುರಿಗೇ ಕಾಕಾ ಅವರಿಗೂ ಸಂಘಕ್ಕೂ ಕೊಡಿ. ಹೋಗುವ ಹೊತ್ತಿಗೆ ಏನು ಸರಿಯಿತ್ತು, ಏನು ಸರಿಯಿರಲಿಲ್ಲ ಎಂದು ತಮ್ಮನೇ ಅವರನ್ನು ಕೇಳಿ ಬರೆದುಕೊಳ್ಳಲಿ. ಅಲ್ಲಿಯವರೆಗೆ ಪಡಸಾಲೆಗೆ ಯಾರೂ ಹಾರೆ ಹಾಕದಂತೆ ನೋಡಿಕೊಳ್ಳಿ. ಅವ್ವನ ರೊಟ್ಟಿ ಒಲೆಯನ್ನು ಹಿತ್ತಲಿಗೆ ಸಾಗಿಸುವ ಮಾತು ಬಂದಿದೆಯಂತೆ, ಅದೂ ಇದ್ದಲ್ಲಿಯೇ ಇರಲಿ.

ಅಜ್ಜಿಗೆ ನನ್ನ ನಮಸ್ಕಾರ, ತಮ್ಮನಿಗೆ ಆಶೀರ್ವಾದ. ಪತ್ರವನ್ನು ಅವನಿಗೂ ಓದಲು ಕೊಡಿ.

ನಿಮ್ಮ ಪ್ರೀತಿಯ ಮಗಳು