ನೀಲಿಯ ಮೇಲೆ ಕೆಂಪು ಬಳಿದವರಿಗೆ

ಇವರಿಗೆ,
ವ್ಯವಸ್ಥಾಪಕರು,
ಚಿಕಣಿ ಬೊಂಬೆಗಳ ಬಣ್ಣಗಾರಿಕೆ ವಿಭಾಗ,
ಬೆಂಗಳೂರು

ವಿಷಯ: ಎರಡು ನೈಟ್ (ಮಧ್ಯಯುಗದ ಯುರೋಪಿನ ಕುದುರೆ ಸವಾರ ಯೋಧ) ಬೊಂಬೆಗಳಿಗೆ ತಪ್ಪು ಲಾಂಛನ ಬರೆದು, ತಿದ್ದಿಕೊಡದೆ ದೂರನ್ನು ಮುಚ್ಚಿಹಾಕಿರುವ ಬಗ್ಗೆ

ಮಾನ್ಯರೇ,

ಈ ಪತ್ರಕ್ಕೆ ಮುಂಚೆ ನಿಮ್ಮ ಕಚೇರಿಗೆ ಒಂಬತ್ತು ಸಲ ಫೋನ್ ಮಾಡಿದ್ದೇನೆ, ನಾಲ್ಕು ಇ-ಮೇಲ್ ಕಳುಹಿಸಿದ್ದೇನೆ, ಮೈಸೂರಿನಿಂದ ಬೆಳಗಿನ ರೈಲು ಹತ್ತಿ ನಿಮ್ಮ ಮಳಿಗೆಗೂ ಬಂದು ಹೋಗಿದ್ದೇನೆ. ಪ್ರತಿ ಸಲವೂ ತಾಳ್ಮೆಯಿಂದಲೇ ಮಾತನಾಡಿದೆ. ಮೊನ್ನೆ ಶನಿವಾರ ನಿಮ್ಮಿಂದ ಒಂದು ಸಂದೇಶ ಬಂತು: ದೂರು ಇತ್ಯರ್ಥವಾಗಿದೆ, ನಮ್ಮ ಸೇವೆಗೆ ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು. ಯಾವುದೂ ಇತ್ಯರ್ಥವಾಗಿಲ್ಲ. ಬೊಂಬೆಗಳು ನಿಮ್ಮಲ್ಲೇ ಇವೆ. ಹಣವೂ ನಿಮ್ಮಲ್ಲೇ ಇದೆ. ಆ ಸಂದೇಶ ಓದಿದ ಮೇಲೆ ನನ್ನ ತಾಳ್ಮೆ ಮುಗಿಯಿತು.

ಫೆಬ್ರವರಿ 10ರಂದು 54 ಮಿಲಿಮೀಟರ್ ಅಳತೆಯ ಎರಡು ಲೋಹದ ಬೊಂಬೆಗಳನ್ನು, ಕುದುರೆಗಳ ಸಮೇತ, ನಿಮಗೆ ಒಪ್ಪಿಸಿದೆ. ಅವು ಬರಿಯ ಬೊಂಬೆಗಳಾಗಿರಲಿಲ್ಲ. ಮುಖ, ಕೈಗವಸು, ಕುದುರೆಗಳ ಮೈ, ಜೀನು ಎಲ್ಲವನ್ನೂ ನಾನೇ ಬಣ್ಣ ಹಾಕಿ ಮುಗಿಸಿದ್ದೆ. ಶಿರಸ್ತ್ರಾಣದಿಂದ ಹೆಗಲಿಗೆ ಇಳಿಬಿದ್ದ ಸರಪಳಿ ಜಾಲ ಒಂದಕ್ಕೇ ಎರಡು ವಾರ ಹಿಡಿದಿತ್ತು. ಮೊದಲು ಕಪ್ಪು ಹಚ್ಚಿ, ಅದು ಒಣಗಿದ ಮೇಲೆ ಕುಂಚದಲ್ಲಿದ್ದ ಬೆಳ್ಳಿಬಣ್ಣವನ್ನು ಬಟ್ಟೆಗೆ ಒರೆಸಿ, ಕೂದಲಿಗೆ ಅಂಟಿ ಉಳಿದ ಚೂರಿನಿಂದ ಮೆಲ್ಲಗೆ ಸವರಬೇಕು. ಆಗ ಒಂದೊಂದು ಕೊಂಡಿಯ ನೆತ್ತಿ ಮಾತ್ರ ಮಿನುಗುತ್ತದೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ ಕೈ ಇದು. ಆದರೆ ಈಗ ಎರಡು ವರ್ಷಗಳಿಂದ ಬಲಗೈ ನಡುಗುತ್ತದೆ. ಮುಖಗಳು ನಡುಕ ಬರುವ ಮುಂಚಿನವು. ಗುರಾಣಿ ಮತ್ತು ಎದೆಯಂಗಿಗಳ ಮೇಲೆ ನೇರವಾದ ಅಂಚಿನ ಪಟ್ಟಿ ಎಳೆಯುವುದು ಇನ್ನು ನನ್ನಿಂದ ಆಗದು. ಅದೊಂದೇ ಕೆಲಸವನ್ನು ನಿಮಗೆ ವಹಿಸಿದೆ. 7,200 ರೂಪಾಯಿಯನ್ನು ಮುಂಗಡವಾಗಿಯೇ ಪೂರ್ತಿ ಕಟ್ಟಿದೆ.

ಇಬ್ಬರು ನೈಟ್‌ಗಳೂ ಯಾರೆಂದು ಆರ್ಡರ್ ನಮೂನೆಯಲ್ಲೇ ಬರೆದಿದ್ದೆ. ಒಬ್ಬ ಯಾರ್ಕ್‌ಷೈರಿನ ಬೋಲ್ಟನ್ನಿನ ಸರ್ ರಿಚರ್ಡ್ ಸ್ಕ್ರೋಪ್, ಇನ್ನೊಬ್ಬ ಚೆಷೈರಿನ ಸರ್ ರಾಬರ್ಟ್ ಗ್ರೋವ್‌ನರ್. 1385ರಲ್ಲಿ ಇಂಗ್ಲೆಂಡಿನ ರಾಜ ಎರಡನೆಯ ರಿಚರ್ಡ್ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದಾಗ ಇಬ್ಬರೂ ಆ ಸೈನ್ಯದಲ್ಲಿದ್ದರು. ಇಬ್ಬರ ಮೈಮೇಲೂ ಒಂದೇ ಲಾಂಛನ: ನೀಲಿ ನೆಲ, ಅದರ ಮೇಲೆ ಹೊನ್ನಿನ ಒಂದು ಓರೆಪಟ್ಟಿ. ಒಬ್ಬರನ್ನೊಬ್ಬರು ನೋಡಿದರು, ಜಗಳ ಹತ್ತಿತು. ಅದು ಲಾಂಛನದ ವ್ಯಾಜ್ಯಗಳನ್ನು ತೀರಿಸುತ್ತಿದ್ದ ಶೌರ್ಯ ನ್ಯಾಯಾಲಯಕ್ಕೆ ಹೋಗಿ 1390ರವರೆಗೆ ನಡೆಯಿತು. ನೂರಾರು ಜನ ಸಾಕ್ಷಿ ನುಡಿದರು. ಕವಿ ಜೆಫ್ರಿ ಚಾಸರ್ ಕೂಡ 1386ರಲ್ಲಿ ಸಾಕ್ಷಿ ಹೇಳಿದ. ಲಂಡನ್ನಿನ ಫ್ರೈಡೇ ಬೀದಿಯಲ್ಲಿ ಹೋಗುತ್ತಿದ್ದಾಗ ಹೊರಗೆ ತೂಗುಹಾಕಿದ್ದ ಈ ಲಾಂಛನವನ್ನು ಕಂಡು, ಇಲ್ಲಿ ಸ್ಕ್ರೋಪರ ಲಾಂಛನ ಹಾಕಿದವರು ಯಾರು ಎಂದು ಕೇಳಿದನಂತೆ. ಅದು ಸ್ಕ್ರೋಪರದಲ್ಲ, ಗ್ರೋವ್‌ನರನದು ಎಂಬ ಉತ್ತರ ಬಂತಂತೆ. ಆ ಹೆಸರನ್ನು ಅವನು ಕೇಳಿದ್ದು ಅದೇ ಮೊದಲು. ನನಗೆ ಬೇಕಿದ್ದದ್ದು ಆ ಜಗಳ ಹುಟ್ಟಿದ ಗಳಿಗೆ. ಎರಡು ಕುದುರೆ ಎದುರುಬದುರು, ಇಬ್ಬರು ಸವಾರರು, ಇಬ್ಬರ ಮೇಲೂ ಒಂದೇ ನೀಲಿ, ಒಂದೇ ಹೊನ್ನು. ನಮೂನೆಯ ಕೊನೆಯಲ್ಲಿ ಕೆಂಪು ಶಾಯಿಯಿಂದ ಅಡಿಗೆರೆ ಎಳೆದು ಬರೆದಿದ್ದೆ: “ಎರಡೂ ಒಂದೇ ರೀತಿ ಇರಬೇಕು. ಇದು ಕಣ್ತಪ್ಪಲ್ಲ.”

ನೀವು ಕಳುಹಿಸಿದ್ದು ಏನು? ಗ್ರೋವ್‌ನರನ ಪಟ್ಟಿ ಕೆಂಪು. ನೀಲಿಯ ಮೇಲೆ ಕೆಂಪು!

ಲಾಂಛನದಲ್ಲಿ ಹೊನ್ನು ಮತ್ತು ಬೆಳ್ಳಿ ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ವರ್ಣಗಳು. ಲೋಹದ ಮೇಲೆ ಲೋಹ ಬರಕೂಡದು, ವರ್ಣದ ಮೇಲೆ ವರ್ಣ ಬರಕೂಡದು. ಇದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ಬೆಲೆಪಟ್ಟಿಯ ಎರಡನೆಯ ಪುಟದಲ್ಲಿ ನೀವೇ ಇದನ್ನು ಅಚ್ಚು ಹಾಕಿಸಿದ್ದೀರಿ, ಅದನ್ನು ನೋಡಿಯೇ ನಾನು ನಿಮ್ಮಲ್ಲಿಗೆ ಬಂದದ್ದು. ದೂಳೆದ್ದ ಬಯಲಿನಲ್ಲಿ ದೂರದಿಂದ ಬರುತ್ತಿರುವವನು ಯಾರೆಂದು ತಿಳಿಯಬೇಕಾದರೆ ಕಡುಬಣ್ಣದ ಪಕ್ಕದಲ್ಲಿ ತಿಳಿಬಣ್ಣ ಇರಲೇಬೇಕು. ಕೋಣೆಯ ದೀಪದಲ್ಲಿ ಎರಡು ಮೊಳ ದೂರ ಇಟ್ಟು ನೋಡಿದೆ. ನಿಮ್ಮ ಕೆಂಪು ಪಟ್ಟಿ ನೀಲಿಯಲ್ಲಿ ಮುಳುಗಿಹೋಗಿ ಗುರಾಣಿ ಒಂದು ಕಂದು ಮಚ್ಚೆಯಂತೆ ಕಾಣುತ್ತದೆ.

ಸ್ಕ್ರೋಪನ ವಿಷಯ ಇನ್ನೂ ನೋವಿನದು. ಎದೆಯಂಗಿಯ ಮೇಲಿನ ಪಟ್ಟಿ ಸರಿಯಾಗಿದೆ, ಅವನ ಬಲ ಹೆಗಲಿನಿಂದ ಎಡ ಸೊಂಟಕ್ಕೆ ಇಳಿದಿದೆ. ಗುರಾಣಿಯ ಮೇಲಿನದು ಅವನ ಎಡದಿಂದ ಬಲಕ್ಕೆ ಇಳಿದಿದೆ. ಒಬ್ಬನೇ ಮನುಷ್ಯ, ಎದೆಯ ಮೇಲೊಂದು ಲಾಂಛನ, ಕೈಯಲ್ಲಿ ಅದರ ತಿರುಗುಮುರುಗು. ಬರೆದವರು ಒಮ್ಮೆಯಾದರೂ ಬೊಂಬೆಯನ್ನು ಪೂರ್ತಿಯಾಗಿ ನೋಡಿದ್ದರೆ ಇದು ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಇದನ್ನು ಇ-ಮೇಲಿನಲ್ಲಿ ತಿಳಿಸಿದಾಗ, “ಮಗ್ಗುಲು ನೋಡಿ ಲಾಂಛನ ತಿರುಗಿಸುವುದು ಕ್ರಮ” ಎಂದು ಉತ್ತರ ಬಂತು. ಹೌದು, ಆ ಕ್ರಮ ಉಂಟು. ಕುದುರೆಯ ಮೇಲೆ ದಸರಾ ಆನೆಯ ಜೂಲಿನಂತೆ ಹೊದಿಸುವ ಬಟ್ಟೆಯಲ್ಲಿ ಸಿಂಹ ಬರೆದಿದ್ದರೆ, ಕುದುರೆಯ ಬಲಮಗ್ಗುಲಲ್ಲಿ ಅದನ್ನು ತಿರುಗಿಸಿ ತಲೆಯ ಕಡೆಗೆ ಮುಖ ಮಾಡಿಸುತ್ತಾರೆ. ಗುರಾಣಿಗೆ ಆ ಕ್ರಮ ಇಲ್ಲ. ಅರ್ಧ ತಿಳಿದದ್ದನ್ನು ತಪ್ಪು ಮುಚ್ಚಲು ಬಳಸಬೇಡಿ.

ಈಗ ಮಾರ್ಚ್ 18ರಂದು ನಿಮ್ಮ ಮಳಿಗೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಒಂದಕ್ಷರ ಬಿಡದೆ ಹೇಳುತ್ತೇನೆ, ಏಕೆಂದರೆ ಅಂದು ಅಲ್ಲಿ ನನ್ನ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ಹತ್ತೂವರೆಗೆ ಬಂದೆ. ಹನ್ನೊಂದು ಮುಕ್ಕಾಲಿನವರೆಗೆ ಕೂರಿಸಿದಿರಿ. ನಂತರ ಗ್ರಾಹಕ ಸೇವೆಯ ಮೇಲ್ವಿಚಾರಕರು ಬಂದು, ನನ್ನ ಡಬ್ಬಿ ತೆರೆದು, ಸ್ಕ್ರೋಪನನ್ನು ತಲೆ ಹಿಡಿದು ಎತ್ತಿದರು. ಬೊಂಬೆಯನ್ನು ಪೀಠ ಹಿಡಿದೇ ಎತ್ತಬೇಕೆಂದು ನಿಮ್ಮ ಡಬ್ಬಿಯ ಮುಚ್ಚಳದ ಮೇಲೇ ಬರೆದಿದೆ. ಅದನ್ನು ತೋರಿಸಿದೆ. ಅವರು ಬೊಂಬೆಯನ್ನು ಮೇಜಿನ ಮೇಲೆ, ಅರ್ಧ ಕುಡಿದಿದ್ದ ಚಹಾ ಲೋಟದ ಪಕ್ಕದಲ್ಲಿ, ಮಗ್ಗುಲಾಗಿ ಮಲಗಿಸಿದರು.

“ಏನು ತೊಂದರೆ, ಅಮ್ಮಾ?” ಎಂದರು.

“ಪಟ್ಟಿ ಬಲದಿಂದ ಇಳಿಯಬೇಕಿತ್ತು, ಎಡದಿಂದ ಇಳಿದಿದೆ” ಎಂದೆ.

“ಇದು ಬಲವೇ ಅಲ್ಲವೇ?” ಎಂದು ತಮ್ಮ ಬಲಗೈಯನ್ನು ಎತ್ತಿ ತೋರಿಸಿದರು.

“ನೋಡುವವರ ಬಲವಲ್ಲ ಸ್ವಾಮಿ, ಗುರಾಣಿ ಹಿಡಿದವನ ಬಲ. ಸೀರೆಯ ಸೆರಗು ಎಡ ಹೆಗಲಿಗೆ ಎನ್ನುತ್ತೇವಲ್ಲ, ಅದು ಯಾರ ಎಡ? ಉಟ್ಟವಳ ಎಡ. ಎದುರಿಗೆ ನಿಂತವರ ಎಡವಲ್ಲ” ಎಂದೆ. ಪಕ್ಕದ ಕೌಂಟರಿನ ಹುಡುಗಿಗೆ ಕೂಡಲೇ ಅರ್ಥವಾಯಿತು, ಅವಳ ಮುಖದಲ್ಲೇ ಕಂಡಿತು. ಮೇಲ್ವಿಚಾರಕರಿಗೆ ಅರ್ಥವಾಗಲಿಲ್ಲ. ಜೇಬಿನಿಂದ ತಮ್ಮ ವಿಸಿಟಿಂಗ್ ಕಾರ್ಡ್ ತೆಗೆದು, ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಓರೆಗೆರೆ ಎಳೆದು, “ಅಷ್ಟು ಬೇಜಾರಾದರೆ ಹೀಗೆ ತಲೆಕೆಳಗು ಮಾಡಿ ಅಂಟಿಸಿಕೊಳ್ಳಿ, ಪಟ್ಟಿ ಆ ಕಡೆಗೆ ಹೋಗುತ್ತದೆ” ಎಂದರು. ಕಾರ್ಡನ್ನು ತಲೆಕೆಳಗು ಮಾಡಿದರು. ಗೆರೆ ಇದ್ದ ಕಡೆಗೇ ಇತ್ತು. ಇನ್ನೊಮ್ಮೆ ತಿರುಗಿಸಿದರು. ಮತ್ತೆ ಅದೇ ಓರೆ. ಕರ್ಣರೇಖೆಯನ್ನು ತಲೆಕೆಳಗು ಮಾಡಿದರೆ ಅದು ಬದಲಾಗುವುದಿಲ್ಲ ಎಂಬುದು ಏಳನೆಯ ತರಗತಿಯ ಮಕ್ಕಳಿಗೂ ಗೊತ್ತು. ಮೂರನೆಯ ಸಲ ಕಾರ್ಡನ್ನು ಮಗುಚಿದರು. ಅಲ್ಲಿ ಅವರ ಹೆಸರು ಇತ್ತು, ಗೆರೆ ಇರಲಿಲ್ಲ. ಸಾಲಿನಲ್ಲಿದ್ದ ಇಬ್ಬರು ನಕ್ಕರು. ಆಗ ಅವರು ಮುಖ ಕೆಂಪಗೆ ಮಾಡಿಕೊಂಡು, ಇಡೀ ಮಳಿಗೆಗೆ ಕೇಳುವಂತೆ, “ಅಮ್ಮಾ, ಈ ವಯಸ್ಸಿನಲ್ಲಿ ಗೊಂಬೆ ಇಟ್ಟುಕೊಂಡು ಇಷ್ಟು ಜಗಳವೇ? ಮೊಮ್ಮಕ್ಕಳು ಆಡುವುದಕ್ಕೆ ಇಷ್ಟು ಸಾಲದೇ?” ಎಂದರು.

ನನಗೆ ಅರವತ್ತೆಂಟು ವರ್ಷ. ಅಷ್ಟು ಜನರ ಮುಂದೆ ಯಾರೂ ನನ್ನನ್ನು ಹಾಗೆ ಮಾತನಾಡಿಸಿರಲಿಲ್ಲ. ಗಂಟಲು ಕಟ್ಟಿತು. ಆದರೂ ಗ್ರೋವ್‌ನರನನ್ನು ಎತ್ತಿ ತೋರಿಸಿ, ಈ ಕೆಂಪು ಏಕೆ ಎಂದು ಕೇಳಿದೆ.

“ಎರಡೂ ಒಂದೇ ತರಹ ಇದ್ದವು. ನೀವು ತಪ್ಪಿ ಬರೆದಿರಬೇಕು ಎಂದುಕೊಂಡು, ಗುರುತು ಸಿಗಲಿ ಎಂದು ನಮ್ಮ ಹುಡುಗರೇ ಬದಲಾಯಿಸಿದ್ದಾರೆ” ಎಂದರು.

ಕೆಂಪು ಶಾಯಿಯ ಅಡಿಗೆರೆ ತೋರಿಸಿದೆ. ಅವರು ಅದನ್ನು ಓದಿದರು. ಓದಿಯೂ, “ನೀಲಿಗೆ ಕೆಂಪು ಚೆನ್ನಾಗಿಯೇ ಒಪ್ಪುತ್ತದೆ” ಎಂದರು.

“ನಮ್ಮ ರಾಜ್ಯದ ಲಾಂಛನವನ್ನೇ ನೋಡಿ. ಕೆಂಪು ಗುರಾಣಿಯ ಮೇಲೆ ಬಿಳಿಯ ಗಂಡಭೇರುಂಡ. ಚೆನ್ನಾಗಿ ಒಪ್ಪುತ್ತದೆಂದು ನಿಮ್ಮ ಹುಡುಗರು ಅದನ್ನು ಹಸಿರು ಮಾಡಿದರೆ ಸುಮ್ಮನಿರುತ್ತಾರೆಯೇ?” ಎಂದೆ. ಅವರು ಗಾಜಿನ ಕಪಾಟಿನ ಕಡೆ ಕೈ ತೋರಿಸಿ, ಅಲ್ಲಿ ಬೆಳ್ಳಿಯ ಮೇಲೆ ಹೊನ್ನಿನ ಶಿಲುಬೆ ಇದೆಯಲ್ಲ, ಅದೂ ನಿಯಮಕ್ಕೆ ವಿರುದ್ಧವೇ ತಾನೇ ಎಂದರು. ಅದು ಜೆರುಸಲೇಮ್ ರಾಜ್ಯದ ಲಾಂಛನ. ಆ ನಿಯಮಕ್ಕೆ ಎಲ್ಲರಿಗೂ ಗೊತ್ತಿರುವ ಅಪವಾದ ಅದು. ಅಂದರೆ ನಿಮ್ಮವರಿಗೆ ನಿಯಮವೂ ಗೊತ್ತಿದೆ, ಅಪವಾದವೂ ಗೊತ್ತಿದೆ. ಗ್ರಾಹಕಿ ಬರೆದುಕೊಟ್ಟದ್ದನ್ನು ಪಾಲಿಸುವುದು ಮಾತ್ರ ಗೊತ್ತಿಲ್ಲ.

ನಿಮ್ಮ ನಮೂನೆಯ ನಿಯಮ 7 ಏನೆನ್ನುತ್ತದೆ? ವಿವರಣೆಯಲ್ಲಿ ಸಂದೇಹ ಬಂದರೆ ಕೆಲಸ ನಿಲ್ಲಿಸಿ ಗ್ರಾಹಕರನ್ನು ಕೇಳಬೇಕು. ನನ್ನನ್ನು ಯಾರೂ ಕೇಳಲಿಲ್ಲ. ನಿಯಮ 11 ಏನೆನ್ನುತ್ತದೆ? ವಿವರಣೆಗೆ ವಿರುದ್ಧವಾದ ಕೆಲಸವನ್ನು, 30 ದಿನಗಳ ಒಳಗೆ ತಿಳಿಸಿದರೆ, ಉಚಿತವಾಗಿ ತಿದ್ದಿಕೊಡಬೇಕು. ಪಾರ್ಸಲ್ ಕೈಸೇರಿದ ಮರುದಿನವೇ ತಿಳಿಸಿದ್ದೇನೆ.

ಕೊನೆಗೆ ಅವರು ಒಂದು ಪರಿಹಾರ ಹೇಳಿದರು. ಎರಡೂ ಬೊಂಬೆಗಳನ್ನು ಬಣ್ಣ ಕಳಚುವ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ, ಬರಿಯ ಲೋಹಕ್ಕೆ ತಂದು, ಮೊದಲಿನಿಂದ ಬಳಿದುಕೊಡುತ್ತಾರಂತೆ, ಅದೂ ಅರ್ಧ ದರಕ್ಕೆ. ಆ ಮಾತು ಕೇಳಿ ನನ್ನ ಕೈ ಇನ್ನಷ್ಟು ನಡುಗಿತು. ಸ್ಕ್ರೋಪನ ಗಡ್ಡದ ನರೆಯನ್ನು ನಾನು ಮೂರು ಕೂದಲಿನ ಕುಂಚದಲ್ಲಿ, ಭೂತಗನ್ನಡಿಯ ಕೆಳಗೆ, ಉಸಿರು ಬಿಗಿಹಿಡಿದು ಬರೆದಿದ್ದೇನೆ. ಅವನು ಆಗಲೇ ಐವತ್ತು ದಾಟಿದವನು, ಇಂಗ್ಲೆಂಡಿನ ಚಾನ್ಸಲರ್ ಆಗಿದ್ದವನು. ಎದುರಿಗೆ ತನ್ನದೇ ಲಾಂಛನ ಹೊತ್ತು ನಿಂತ ಅಪರಿಚಿತನನ್ನು ಕಂಡಾಗ ಅಂಥವನ ಹುಬ್ಬು ಎಷ್ಟು ಗಂಟಿಕ್ಕುತ್ತದೆ ಎಂಬುದಕ್ಕೆ ನಾಲ್ಕು ಸಲ ಬರೆದು ಅಳಿಸಿದ್ದೇನೆ. ಆ ಮುಖವನ್ನು ನಾನು ಇನ್ನೊಮ್ಮೆ ಬರೆಯಲಾರೆ. ನಿಮ್ಮಲ್ಲಿ ಯಾರೂ ಬರೆಯಲಾರರು. ಬೇಡ, ಮುಟ್ಟಬೇಡಿ ಎಂದು ಸ್ಪಷ್ಟವಾಗಿ ಹೇಳಿ, ರಸೀದಿಯ ಹಿಂದೆ ಬರೆದು ಸಹಿ ಹಾಕಿ, ಅದರ ಪ್ರತಿಯನ್ನೂ ಕೊಟ್ಟು, ಬೊಂಬೆಗಳನ್ನು ನಿಮ್ಮಲ್ಲೇ ಬಿಟ್ಟು ಬಂದೆ. ಅದಾದ ಮೇಲೆ ಬಂದದ್ದು ಶನಿವಾರದ ಸಂದೇಶ.

ನನ್ನ ಬೇಡಿಕೆ ಚಿಕ್ಕದು. ಎರಡು ಗುರಾಣಿ, ಒಂದು ಎದೆಯಂಗಿ, ಇಷ್ಟರ ಮೇಲಿನ ಬಣ್ಣವನ್ನು ಮಾತ್ರ ಕುಂಚದಿಂದ ತಿದ್ದಬೇಕು. ಅದು ನಿಮ್ಮಿಂದಾಗದಿದ್ದರೆ ಬೊಂಬೆಗಳನ್ನು ಈಗಿರುವಂತೆಯೇ ಹಿಂದಿರುಗಿಸಿ 7,200 ರೂಪಾಯಿ ಮರಳಿಸಬೇಕು. ಜೊತೆಗೆ ಆ ಮೇಲ್ವಿಚಾರಕರಿಂದ ಲಿಖಿತ ಕ್ಷಮಾಪಣೆ ಬೇಕು. ಇದಕ್ಕೆ ಹದಿನೈದು ದಿನ ಕೊಡುತ್ತೇನೆ.

ಹದಿನಾರನೆಯ ದಿನ ನಾನು ಫೋನ್ ಮಾಡುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಾಗಿರುವ ಊರಿನಲ್ಲೇ ದೂರು ಕೊಡಬಹುದು. ಆದ್ದರಿಂದ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ನೀವೇ ಬಂದು ನಿಲ್ಲಬೇಕಾಗುತ್ತದೆ, ಪ್ರತಿ ವಾಯಿದೆಗೂ, ಅದೇ ಬೆಳಗಿನ ರೈಲಿಗೆ ಎದುರಾಗಿ. ಇಷ್ಟು ಚಿಕ್ಕ ಮೊತ್ತದ ದೂರಿಗೆ ಶುಲ್ಕವಿಲ್ಲ. ನಮೂನೆಯ ಪ್ರತಿ, ರಸೀದಿ, ಇ-ಮೇಲ್‌ಗಳು, ಮುಂಚಿನ ಮತ್ತು ನಂತರದ ಫೋಟೋಗಳು ಒಂದು ಕಡತದಲ್ಲಿ ಸಿದ್ಧವಾಗಿವೆ. ಅಂದು ಸಾಲಿನಲ್ಲಿದ್ದವರಲ್ಲಿ ಒಬ್ಬರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ಓರೆಗೆರೆ ಎಳೆದ ಆ ವಿಸಿಟಿಂಗ್ ಕಾರ್ಡ್ ಕೂಡ ನನ್ನ ಬಳಿ ಇದೆ. ನಿಮ್ಮ ಮೇಲ್ವಿಚಾರಕರು ಮೇಜಿನ ಮೇಲೆ ಬಿಟ್ಟು ಎದ್ದು ಹೋದರು, ನಾನು ಎತ್ತಿಕೊಂಡು ಬಂದೆ.

ಸ್ಕ್ರೋಪ್ ಒಂದು ಹೊನ್ನಿನ ಪಟ್ಟಿಗಾಗಿ ಐದು ವರ್ಷ ನ್ಯಾಯಾಲಯ ಹತ್ತಿದ. 1389ರಲ್ಲಿ ತೀರ್ಪು ಅವನ ಪರವಾಗಿ ಬಂದಾಗಲೂ, ಬೆಳ್ಳಿಯ ಅಂಚು ಸೇರಿಸಿಕೊಂಡು ಗ್ರೋವ್‌ನರನೂ ಅದನ್ನು ಧರಿಸಬಹುದು ಎಂದಿತ್ತು. ಅದನ್ನೂ ರಾಜನ ಮುಂದೆ ಒಯ್ದು, ಮರುವರ್ಷ ಅಂಚನ್ನೂ ತೆಗೆಸಿಹಾಕಲಾಯಿತು. ಗ್ರೋವ್‌ನರ್ ಹೊನ್ನಿನ ಗೋಧಿಯ ಸಿವುಡನ್ನು ತನ್ನ ಲಾಂಛನ ಮಾಡಿಕೊಳ್ಳಬೇಕಾಯಿತು. ನಿವೃತ್ತಿಯ ನಂತರ ನನಗೂ ಸಮಯವಿದೆ, ಪಿಂಚಣಿಯೂ ಇದೆ.

ಇನ್ನೊಂದು ಮಾತು. ಈ ಪತ್ರ ತಲುಪುವ ಹೊತ್ತಿಗೆ ಆ ಬೊಂಬೆಗಳನ್ನು ದ್ರಾವಣಕ್ಕೆ ಇಳಿಸಿದ್ದೀರಿ ಎಂದು ತಿಳಿದರೆ ಮೇಲಿನ ಹದಿನೈದು ದಿನಗಳನ್ನು ನಾನು ಹಿಂದಕ್ಕೆ ಪಡೆಯುತ್ತೇನೆ. ಅಂದು ಸಂಜೆಯೊಳಗೆ ವಕೀಲರ ನೋಟಿಸ್ ನಿಮ್ಮ ಮಾಲೀಕರ ಮನೆ ಬಾಗಿಲಿಗೆ ಹೊರಟಿರುತ್ತದೆ.

ಇತಿ,
ನೊಂದ ಗ್ರಾಹಕಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ, ಮೈಸೂರು